ಮಡಚಿಟ್ಟ ಕೌದಿ

"ಗುರುಗಳೇ, ಬೀದಿಯ ಕಸದ ತೊಟ್ಟಿಯಿಂದ ಒಂದು ವಸ್ತುವನ್ನು ಎತ್ತಿಕೊಂಡರೆ ಅದು ಕಳ್ಳತನವೋ, ಅಲ್ಲವೋ?"

ಹೀಗೆ ಕೇಳಿದವನು ಅಡವಯ್ಯ. ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಓದಿನಲ್ಲಿ ಚುರುಕು, ಕೆಲಸದಲ್ಲಿ ಪ್ರಾಮಾಣಿಕ. ಈ ಎರಡೂ ತನ್ನಲ್ಲಿವೆ ಎಂಬುದು ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಮಾಗಿಯ ಚಳಿ. ಗುರುಗಳು ಒಂದು ತೆಳು ಹತ್ತಿ ಬಟ್ಟೆ ಹೊದ್ದು, ಎಳೆಬಿಸಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತಿದ್ದರು.

"ಯಾರು ಎತ್ತಿಕೊಂಡರು?" ಎಂದು ಕೇಳಿದರು.

"ಚಿಂದಿ ಆಯುವ ಒಬ್ಬ ಹೆಂಗಸು. ಈ ಬೆಳಿಗ್ಗೆ ನಮ್ಮ ಮಠದ ಮುಂದಿನ ತೊಟ್ಟಿಯಿಂದ ಒಂದು ಉಣ್ಣೆಯ ಶಾಲನ್ನು ಎತ್ತಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಶಾಲು ಹರಿದಿರಲಿಲ್ಲ, ಕೊಳೆಯೂ ಆಗಿರಲಿಲ್ಲ. ಮುದ್ದೆಯಾಗಿತ್ತು, ಅಷ್ಟೇ. ಯಾರೋ ಭಕ್ತರು ತಮಗೆ ಹೊದಿಸಿದ್ದೇ ಇರಬೇಕು. ಕಸ ಗುಡಿಸುವವರು ಕಣ್ತಪ್ಪಿ ಹೊರಗೆ ಹಾಕಿದ್ದಾರೆ. ನಾನು ಅವಳ ಕೈಯಿಂದ ಕಿತ್ತುಕೊಂಡೆ."

"ಅವಳು ಏನೆಂದಳು?"

"'ತೊಟ್ಟ್ಯಾಗಿಂದು ತಗೊಂಡೀನ್ರಿ, ನಿಮ್ಮ ಮನೀ ಹೊಕ್ಕಿಲ್ಲ' ಅಂದಳು. ಹಸಿವಾದರೆ ದಾಸೋಹಕ್ಕೆ ಬಾ, ಚಳಿಯಾದರೆ ಬಾಗಿಲಿಗೆ ಬಂದು ಕೇಳು, ಕೊಡೋಣ ಎಂದೆ. ಅದಕ್ಕೆ, 'ನಾ ಬೇಡಾಕಿ ಅಲ್ರಿ, ಆಯಾಕಿ' ಎಂದು ನನಗೇ ತಿರುಗಿ ಹೇಳಿ ಹೊರಟುಹೋದಳು. ಜಂಬ ನೋಡಿ! ಈಗ ಅಡುಗೆಮನೆಯಲ್ಲಿ ಅದೇ ಚರ್ಚೆ. ಎಸೆದದ್ದು ಯಾರದೂ ಅಲ್ಲ, ಅವಳಿಗೇ ಬಿಡಬೇಕಿತ್ತು ಎನ್ನುವವರಿದ್ದಾರೆ. ಗಾಡಿ ಬಂದು ಎತ್ತುವ ತನಕ ಅದು ಮನೆಯವರದೇ ಎನ್ನುವವರೂ ಇದ್ದಾರೆ. ಕಾನೂನು ಏನು, ಧರ್ಮ ಏನು, ತಾವೇ ತೀರ್ಮಾನ ಹೇಳಬೇಕು."

"ಶಾಲು ಈಗ ಎಲ್ಲಿದೆ?"

"ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದೇನೆ" ಎಂದ ಅಡವಯ್ಯ, ಸೊಂಟದ ಬೀಗದ ಕೈಯನ್ನು ಮುಟ್ಟಿ ತೋರಿಸಿ.

"ಒಳ್ಳೆಯದಾಯಿತು. ಶಾಲಿಗೆ ಚಳಿಯಾಗುವುದಿಲ್ಲ" ಎಂದರು ಗುರುಗಳು. ಅಡವಯ್ಯನಿಗೆ ಇದು ಹೊಗಳಿಕೆಯೋ ಕೀಟಲೆಯೋ ತಿಳಿಯಲಿಲ್ಲ. ಅವರೇ ಮುಂದೆ ಹೇಳಿದರು:

"ಕಾನೂನು ಕೇಳಿದೆಯಲ್ಲ. ಈ ವಿಷಯದಲ್ಲಿ ಕಾನೂನು ಬಹಳ ಗಟ್ಟಿಯಾಗಿದ್ದ ಒಂದು ಊರಿನ ಕತೆ ಹೇಳುತ್ತೇನೆ. ಕುಳಿತುಕೋ. ಹೇಳುವಾಗಲೆಲ್ಲ ನನಗೆ ಸಂಕಟವಾಗುವ ಕತೆ, ಆದ್ದರಿಂದ ನಡುವೆ ನಿಲ್ಲಿಸಿದರೆ ಅವಸರ ಮಾಡಬೇಡ."

ಒಂದು ಪಟ್ಟಣ. ಪ್ರತಿ ಮನೆಯ ಮುಂದೆ ಒಂದು ಕಸದ ತೊಟ್ಟಿ. ಬೆಳಗಾದರೆ ಪುರಸಭೆಯ ಗಾಡಿ ಬಂದು ತುಂಬಿಕೊಂಡು ಹೋಗುತ್ತಿತ್ತು. ಗಾಡಿಗಿಂತ ಮುಂಚೆ ಆಯುವವರು ಬರುತ್ತಿದ್ದರು. ಬಾಟಲಿ, ರಟ್ಟು, ತಗಡು ಆಯ್ದು, ಮಾರಿ, ಹೊಟ್ಟೆ ಹೊರೆಯುವ ಜನ. ಅವರನ್ನು ಯಾರೂ ಬನ್ನಿ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ಒಮ್ಮೆ ಒಬ್ಬ ವ್ಯಾಪಾರಿಯ ಮನೆಯ ತೊಟ್ಟಿಯಲ್ಲಿ ಒಂದು ಹಿತ್ತಾಳೆಯ ತಂಬಿಗೆ ಸಿಕ್ಕಿತು. ಆಯುವವನೊಬ್ಬ ಎತ್ತಿಕೊಂಡು ಹೋಗಿ ಮಾರಿದ. ವ್ಯಾಪಾರಿ ಅದನ್ನು ಅಂಗಡಿಯಲ್ಲಿ ಕಂಡು ತನ್ನದೆಂದು ಗುರುತಿಸಿದ. ನೀವು ಎಸೆದದ್ದು ಎಂದು ಇವನು. ಎಸೆದದ್ದಲ್ಲ, ತೊಳೆಯಲು ಹಾಕಿದ್ದು ಮುಸುರೆಯ ಜೊತೆ ಹೋಗಿಬಿಟ್ಟಿದೆ ಎಂದು ಅವನು. ಜಗಳ ಪುರಸಭೆಗೆ ಹೋಯಿತು. ಹಿರಿಯರು ಕೂತರು. ಕೂತವರು ಬುದ್ಧಿವಂತರೇ. ಬಹಳ ಯೋಚಿಸಿ ಒಂದು ಕಾನೂನು ಮಾಡಿದರು. ತೊಟ್ಟಿಗೆ ಬಿದ್ದದ್ದು ಗಾಡಿ ಬರುವ ತನಕ ಮನೆಯವರದು. ಗಾಡಿಗೆ ಬಿದ್ದ ಮೇಲೆ ಪುರಸಭೆಯದು. ಒಡಕು ಬಾಟಲಿ, ಹರಕು ರಟ್ಟನ್ನು ಯಾರಾದರೂ ಆಯ್ದರೆ ಕಂಡೂ ಕಾಣದಂತೆ ಇರಬಹುದು. ಬಾಳುವ ವಸ್ತುವನ್ನು ಮುಟ್ಟಿದವನು ಮಾತ್ರ ಕಳ್ಳ.

ಬೀದಿ ಬೀದಿಯಲ್ಲಿ ಡಂಗುರ ಹೊಡೆಸಿದರು. ತಂಬಿಗೆ ಎತ್ತಿದವನನ್ನು ಸಂತೆಯ ಕಂಬಕ್ಕೆ ಕಟ್ಟಿ ಹೊಡೆದರು. ಅವನು ಮೈಯ ಗಾಯ ಮಾಯುವ ಮೊದಲೇ ಊರು ಬಿಟ್ಟು ಹೋದ. ಎಲ್ಲಿಗೆ ಹೋದನೋ, ಮತ್ತೆ ಯಾರಿಗೂ ಕಾಣಿಸಲಿಲ್ಲ.

ಆಯುವವರು ಹೆದರಿದರು. ಯಾವುದು ಕಸ, ಯಾವುದು ಅಲ್ಲ ಎಂದು ಕತ್ತಲು ಹರಿಯುವ ಹೊತ್ತಿನಲ್ಲಿ, ಗಾಡಿ ಬರುವ ಅವಸರದಲ್ಲಿ, ಹೇಗೆ ತಿಳಿಯುವುದು? ತಮ್ಮ ನಡುವೆಯೇ ಮಾತಾಡಿಕೊಂಡು ಒಂದು ಕಟ್ಟಳೆ ಮಾಡಿಕೊಂಡರು. ಮುದ್ದೆಯಾಗಿ ಬಿದ್ದಿದ್ದರೆ ಅದು ಎಸೆದದ್ದು. ಮಡಚಿ ಇಟ್ಟಿದ್ದರೆ ಅದು ಮರೆತದ್ದು. ಎಸೆಯುವವನು ಯಾಕೆ ಮಡಚುತ್ತಾನೆ? ಮರೆತದ್ದು ಸಿಕ್ಕರೆ ಅದನ್ನು ಆ ಮನೆಯ ಗೇಟಿಗೆ ತೂಗುಹಾಕಿ, ಹಿಂದೆ ತಿರುಗದೆ ಮುಂದೆ ಹೋಗಬೇಕು. ಮೊದಲು ಇದು ಭಯದ ಕಟ್ಟಳೆಯಾಗಿತ್ತು. ಬರಬರುತ್ತ ಮಾನದ ಕಟ್ಟಳೆಯಾಯಿತು. ನಾವು ಆಯುವವರು, ಕದಿಯುವವರಲ್ಲ ಎಂದು ಹೇಳಿಕೊಳ್ಳಲು ಅವರ ಬಳಿ ಇದ್ದದ್ದು ಅದೊಂದೇ.

ಅವರಲ್ಲಿ ಒಬ್ಬ ಮುದುಕಿ. ಕಂಬಕ್ಕೆ ಕಟ್ಟಿಸಿಕೊಂಡು ಏಟು ತಿಂದವನು ಅವಳ ಒಡಹುಟ್ಟಿದ ತಮ್ಮ. ಅವಳು ಆ ದಿನ ಸಂತೆಯಲ್ಲಿ ನಿಂತು ನೋಡಿದ್ದಳು. ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಉಳಿದದ್ದು ಒಬ್ಬ ಪುಟ್ಟ ಮೊಮ್ಮಗಳು. ಕೆರೆಯ ಏರಿಯ ಕೆಳಗೆ ಒಂದು ಗುಡಿಸಲು. ಮಾಗಿ ಬಂದರೆ ಕೆರೆಯ ಮೇಲಿನ ಗಾಳಿ ನೇರವಾಗಿ ಒಳಕ್ಕೆ ನುಗ್ಗುತ್ತಿತ್ತು. ಮೊಮ್ಮಗಳು ಗೋಣಿಚೀಲದೊಳಗೆ ಇಳಿದು ಮಲಗುತ್ತಿದ್ದಳು. ಆ ವರ್ಷ ಅವಳಿಗೆ ಕೆಮ್ಮು ಹಿಡಿದಿತ್ತು, ಬಿಡುತ್ತಿರಲಿಲ್ಲ.

ಅದೇ ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ತಾಯಿ. ಅವಳ ಒಂದೇ ಮಗು ಜ್ವರ ಬಂದು ಹೋಗಿಬಿಟ್ಟಿತ್ತು. ಮಗುವಿನ ಅಂಗಿ, ಟೊಪ್ಪಿಗೆ, ಆಟಿಕೆ ಎಲ್ಲವನ್ನೂ ಜೊತೆಗೇ ಮಣ್ಣಿಗೆ ಹಾಕಿದ್ದರು. ಒಂದು ಕೌದಿ ಮಾತ್ರ ಉಳಿದಿತ್ತು. ಬಸಿರಿಯಾಗಿದ್ದಾಗ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ ಅವಳೇ ಹೊಲಿದ ಕೌದಿ. ಮಗು ಹೋದ ದಿನ ಅದು ಅಗಸರ ಮನೆಯಲ್ಲಿ ಇತ್ತು, ಹಾಗಾಗಿ ಉಳಿದುಕೊಂಡಿತು.

ಸತ್ತ ಮಗುವಿನ ಬಟ್ಟೆ ಮನೆಯಲ್ಲಿ ಇರಬಾರದು ಎಂಬುದು ಆ ಊರಿನ ರೂಢಿ. "ಸುಟ್ಟುಬಿಡು" ಎಂದಳು ಅತ್ತೆ. ತಾಯಿ ಒಪ್ಪಲಿಲ್ಲ. "ಮಣ್ಣಿಗೆ ಕೊಟ್ಟಿದ್ದು ಸಾಕು, ಬೆಂಕಿಗೂ ಕೊಡಬೇಕಾ?" ಎಂದಳು. ಯಾರದಾದರೂ ಮಗುವಿಗೆ ಕೊಡೋಣ ಎಂದರೆ ಯಾರೂ ತೆಗೆದುಕೊಳ್ಳಲಿಲ್ಲ. ತಂಗಿಗೆ ಕೊಡಲು ಹೋದಳು, ತಂಗಿ ತನ್ನ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಾಗಿಲಿಗೆ ಬಂದ ಭಿಕ್ಷುಕಿಗೆ ಕೊಟ್ಟಳು, ಅವಳೂ ಮನೆಯ ಗುರುತು ಹಿಡಿದು ಕಟ್ಟೆಯ ಮೇಲೆ ಇಟ್ಟು ಹೋದಳು. ಗೊತ್ತಿದ್ದವರ ಕೈ ಮುಂದೆ ಬರುವುದಿಲ್ಲ ಎಂದು ತಾಯಿಗೆ ಅರ್ಥವಾಯಿತು. ಹಾಗಾದರೆ ಗೊತ್ತಿಲ್ಲದ ಯಾರಾದರೂ ಒಯ್ಯಲಿ. ಎಲ್ಲೋ ಒಂದು ಮಗು ಅದರೊಳಗೆ ಬೆಚ್ಚಗೆ ಮಲಗಿದೆ ಎಂದು ತಿಳಿದರೆ ಸಾಕು, ತನಗೂ ನಿದ್ದೆ ಬರುತ್ತದೆ.

ಅವಳು ಕೌದಿಯನ್ನು ಅಂಟುವಾಳದಲ್ಲಿ ಒಗೆದಳು. ಬಿಸಿಲಿಗೆ ಹಾಕಿದಳು. ಬಿಚ್ಚಿಹೋಗಿದ್ದ ಒಂದು ಮೂಲೆಯನ್ನು ಮತ್ತೆ ಹೊಲಿದಳು. ಸಂಜೆ ತೊಟ್ಟಿಯ ಬಳಿ ಹೋದಾಗ ಅದನ್ನು ಮುದ್ದೆ ಮಾಡಿ ಬಿಸಾಡಲು ಅವಳಿಗೆ ಕೈ ಬರಲಿಲ್ಲ. ಇನ್ನೊಬ್ಬರ ಮಗು ಹೊದೆಯುವುದಲ್ಲವೇ? ಮಡಚಿ, ಕೈಯಿಂದ ಒಮ್ಮೆ ಸವರಿ, ತೊಟ್ಟಿಯ ಮೇಲೆ ಇಟ್ಟು ಬಂದಳು. ಯಾರು ಒಯ್ಯುತ್ತಾರೆ ಎಂದು ಕಿಟಕಿಯಲ್ಲಿ ನಿಂತು ನೋಡಲಿಲ್ಲ. ನೋಡಿದರೆ ಹಿಂದಕ್ಕೆ ಕರೆದುಬಿಡುತ್ತೇನೆ ಎಂದು ಅವಳಿಗೆ ತನ್ನ ಮೇಲೇ ಹೆದರಿಕೆ.

ನಸುಕಿನಲ್ಲಿ ಆ ಬೀದಿಗೆ ಬಂದವಳು ಮುದುಕಿ.

ಕೌದಿ ಕೈಗೆ ಸಿಕ್ಕಿತು. ಮೆತ್ತಗಿತ್ತು, ಬಿಸಿಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಅಳತೆ ನೋಡಿದರೆ ಮೊಮ್ಮಗಳಿಗಾಗಿಯೇ ಹೊಲಿದ ಹಾಗಿತ್ತು. ಮುದುಕಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಮಡಿಕೆ ಕಂಡಳು. ಒಗೆದದ್ದು, ಹೊಲಿದದ್ದು, ಮಡಚಿಟ್ಟದ್ದು. ಯಾವುದೋ ಹುಡುಗಿ ಒಣಗಿದ ಬಟ್ಟೆ ಒಳಗೆ ಒಯ್ಯುವಾಗ ಇಲ್ಲಿಟ್ಟು ಮರೆತಿದ್ದಾಳೆ. ಒಳಗೊಬ್ಬ ತಾಯಿ ಇದನ್ನು ಹುಡುಕುತ್ತಿರಬೇಕು. ಮುದುಕಿ ಕೌದಿಯನ್ನು ಗೇಟಿಗೆ ತೂಗುಹಾಕಿದಳು. ಹಿಂದೆ ತಿರುಗದೆ ಮುಂದೆ ಹೋದಳು.

ಇಲ್ಲಿ ಅಡವಯ್ಯ ಬಾಯಿ ಹಾಕಿದ. "ಸರಿಯಾಗಿ ಮಾಡಿದಳು ಗುರುಗಳೇ. ಬಡವಿಯಾದರೂ ಧರ್ಮ ಬಿಡಲಿಲ್ಲ."

"ಬಿಡಲಿಲ್ಲ" ಎಂದರು ಗುರುಗಳು. "ಮುಂದೆ ಕೇಳು."

ಬೆಳಿಗ್ಗೆ ತಾಯಿ ಬಾಗಿಲು ತೆಗೆದಳು. ಗೇಟಿನ ಮೇಲೆ ಕೌದಿ ಇತ್ತು. ಯಾರೋ ಗುರುತು ಹಿಡಿದು ಬೇಡ ಎಂದಿದ್ದಾರೆ ಅಂದುಕೊಂಡಳು. ಆ ಸಂಜೆ ಇನ್ನಷ್ಟು ಜಾಣತನ ಮಾಡಿದಳು. ಮನೆಯ ಗುರುತು ಸಿಗದಿರಲಿ ಎಂದು ಕೌದಿಯನ್ನು ಬೀದಿಯ ಕೊನೆಯ ತೊಟ್ಟಿಗೆ ಒಯ್ದಳು. ಕೊಳೆಯಾಗದಿರಲಿ ಎಂದು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಬೀದಿಯವರ ಕಣ್ಣಿಗೆ ಬೀಳದಿರಲಿ ಎಂದು ತರಕಾರಿ ಸಿಪ್ಪೆಯ ಕೆಳಗೆ ಇಟ್ಟಳು. ಆದರೂ ಮಡಚಿಯೇ ಇಟ್ಟಳು.

ಮುದುಕಿಗೆ ಅದು ಮತ್ತೆ ಸಿಕ್ಕಿತು. ಈ ಸಲ ಅವಳಿಗೆ ನಿಜವಾಗಿ ಭಯವಾಯಿತು. ಯಾರೋ ಆ ಮನೆಯಿಂದ ಕದ್ದು ಇಲ್ಲಿ ಬಚ್ಚಿಟ್ಟಿದ್ದಾರೆ. ನನ್ನ ಕೈಯಲ್ಲಿ ಕಂಡರೆ ನನ್ನನ್ನೇ ಹಿಡಿಯುತ್ತಾರೆ. ಸಂತೆಯ ಕಂಬ ಅವಳ ಕಣ್ಣ ಮುಂದೆ ಬಂತು. ಓಡುವ ಹಾಗೆ ನಡೆದು ಅದೇ ಗೇಟಿಗೆ ತೂಗುಹಾಕಿ ಬಂದಳು. ಗುಡಿಸಲಿಗೆ ಬಂದಾಗ ಮೊಮ್ಮಗಳು ಕೆಮ್ಮುತ್ತಿದ್ದಳು. ಮುದುಕಿ ಅವಳನ್ನು ಗೋಣಿಯ ಸಮೇತ ಮಡಿಲಿಗೆ ಎಳೆದುಕೊಂಡು, "ನಮ್ಮದಲ್ಲದ್ದು ನಮಗ ಬ್ಯಾಡವ್ವ" ಎಂದಳು. ಮಗು ಏನೂ ಕೇಳಿರಲೇ ಇಲ್ಲ.

ಈ ಸಲ ಗೇಟಿನಲ್ಲಿ ಕೌದಿ ಕಂಡವಳು ಅತ್ತೆ. ಸೊಸೆಯನ್ನು ಕೇಳಿ ನಡೆದದ್ದನ್ನೆಲ್ಲ ತಿಳಿದುಕೊಂಡಳು. ಬೀದಿಯ ಕೊನೆಯ ತೊಟ್ಟಿಗೆ ಹಾಕಿದ್ದು ತಾನಾಗಿಯೇ ಬಾಗಿಲಿಗೆ ಹೇಗೆ ಬರುತ್ತದೆ? "ಕೂಸು ಹೋಗವಲ್ಲದು. ಅದರ ಜೀವ ಈ ಕೌದಿಯೊಳಗ ಸಿಕ್ಕೊಂಡೈತಿ. ಸುಡೂತನಕ ಅದಕ್ಕೂ ಬಿಡುಗಡೆಯಿಲ್ಲ, ನಮಗೂ ಇಲ್ಲ" ಎಂದು ಅತ್ತಳು. ಅತ್ತೆಗೂ ಮೊಮ್ಮಗು ಅದೇ ಒಂದಾಗಿತ್ತು, ಅದನ್ನು ಮರೆಯಬೇಡ. ತಾಯಿ ಮೊದಲು ನಂಬಲಿಲ್ಲ. ಆದರೆ ದುಃಖದಲ್ಲಿದ್ದವರನ್ನು ನಂಬಿಸಲು ಬಹಳ ಹೊತ್ತು ಬೇಕಾಗುವುದಿಲ್ಲ. ತನ್ನ ಮಗು ಚಳಿಯಲ್ಲಿ ಗೇಟಿನ ಹೊರಗೆ ನಿಂತು ಒಳಗೆ ಕರೆಯಿರಿ ಎನ್ನುತ್ತಿದೆ ಎಂದು ಅವಳಿಗೂ ಅನಿಸತೊಡಗಿತು. ಊಟ ಬಿಟ್ಟಳು. ಬಾಗಿಲು ಹಾಕಲು ಬಿಡದೆ ಹಟ ಮಾಡಿದಳು. ಅವಳ ಗಂಡ ಹೆದರಿದ, ಅವಳನ್ನೂ ಕಳೆದುಕೊಳ್ಳುತ್ತೇನೆ ಎಂದು.

ಕೊನೆಗೆ ಒಂದು ಸಂಜೆ ಅವಳೇ ಕೌದಿಯನ್ನು ಅಂಗಳಕ್ಕೆ ತಂದಳು. ಬೆಂಕಿ ಹಚ್ಚಿದವಳೂ ಅವಳೇ. ಇನ್ನೊಬ್ಬರು ಹಚ್ಚಬಾರದು ಎಂದಳಂತೆ. ಒಂದು ಮೂಲೆ ಸುಡದೆ ಉಳಿಯಿತು, ಅವಳು ಹೊಸದಾಗಿ ಹೊಲಿದಿದ್ದ ಮೂಲೆ. ಬೂದಿಯನ್ನೂ ಆ ಮೂಲೆಯನ್ನೂ ತೊಟ್ಟಿಗೆ ಸುರಿದು ಒಳಗೆ ಹೋದಳು.

ಅದೇ ಸಂಜೆ ಗುಡಿಸಲಿನಲ್ಲಿ ಮೊಮ್ಮಗಳಿಗೆ ಕೆಮ್ಮುವ ಶಕ್ತಿಯೂ ಹೋಗಿತ್ತು. ಬರೀ ನಡುಗುತ್ತಿದ್ದಳು. ಮುದುಕಿ ತನ್ನ ಸೀರೆಯ ಅರ್ಧ ಸುತ್ತಿದಳು, ನಡುಕ ನಿಲ್ಲಲಿಲ್ಲ. ಬೆಳಗು ಹರಿಯುವ ಮೊದಲು ಅವಳು ಎದ್ದು ನಿಂತಳು. ಆ ಕೌದಿ ಮತ್ತೆ ಅಲ್ಲಿದ್ದರೆ ಈ ಸಲ ತರುತ್ತೇನೆ. ಮಡಚಿರಲಿ, ಸುತ್ತಿರಲಿ, ಯಾರದೇ ಇರಲಿ. ಕಳ್ಳಿ ಎನ್ನಿಸಿಕೊಂಡರೂ ಆಯಿತು, ಕಂಬಕ್ಕೆ ಕಟ್ಟಿದರೂ ಆಯಿತು. ಜೀವಮಾನದಲ್ಲಿ ಮೊದಲ ಸಲ ಕದಿಯಲೆಂದೇ ಅವಳು ಆ ಬೀದಿಗೆ ಬಂದಳು.

ತೊಟ್ಟಿಯಲ್ಲಿ ಕೈ ಆಡಿಸಿದಳು. ಬೂದಿ ಸಿಕ್ಕಿತು. ಬೂದಿಯ ಅಡಿಯಲ್ಲಿ ಆ ಮೂಲೆ ಸಿಕ್ಕಿತು. ಗುರುತು ಹಿಡಿದು ಅಲ್ಲೇ ಕುಸಿದು ಕುಳಿತು ಗಟ್ಟಿಯಾಗಿ ಅತ್ತಳು. ಅಳುವ ಸದ್ದಿಗೆ ತಾಯಿ ಹೊರಗೆ ಬಂದಳು. ಮುದುಕಿಯ ಕೈಯಲ್ಲಿದ್ದದ್ದನ್ನು ನೋಡಿದಳು.

"ಇದನ್ಯಾಕ ಸುಟ್ಟ್ರೆವ್ವಾ?" ಎಂದಳು ಮುದುಕಿ. "ನಾ ಎರಡ ಸಲ ತಂದು ನಿಮ್ಮ ಗೇಟಿಗೆ ಹಾಕಿದ್ನಲ್ಲ."

"ನೀನಾ? ನೀನು ಯಾಕ ಒಯ್ಯಲಿಲ್ಲ? ಒಯ್ಯಲಿ ಅಂತನ ಇಟ್ಟಿದ್ದೆ."

"ಮಡಚಿಟ್ಟಿದ್ದನ್ನ ಯಾರರ ಒಗೀತಾರೇನವ್ವಾ?"

ತಾಯಿ ಅಲ್ಲೇ ಗೇಟು ಹಿಡಿದು ನಿಂತಳು. "ಸತ್ತ ಕೂಸಿಂದದು. ಗೊತ್ತಿದ್ದಿದ್ರ ಮುಟ್ಟತಿದ್ದಿಲ್ಲ ನೀನು."

"ಚಳಿಗೆ ಅದೆಲ್ಲಿ ಗೊತ್ತಾಗತೈತ್ರೆವ್ವಾ. ನನ್ನ ಮೊಮ್ಮಗಳು ಗೋಣಿಚೀಲದಾಗ ನಡುಗಾಕತ್ತೈತಿ."

ತಾಯಿ ಒಳಗೆ ಓಡಿದಳು. ತನ್ನ ಹಾಸಿಗೆಯ ರಗ್ಗನ್ನೇ ಎಳೆದುಕೊಂಡು ಬಂದಳು. ಕಾಲಿಗೆ ಚಪ್ಪಲಿ ಹಾಕಲಿಲ್ಲ. ಇಬ್ಬರೂ ಆ ಚಳಿಯಲ್ಲಿ ಊರನ್ನು ದಾಟಿ ಕೆರೆಯ ಏರಿಯ ಕಡೆಗೆ ಓಡಿದರು. ಮುದುಕಿಗೆ ಉಸಿರು ಹತ್ತಿದಾಗ ತಾಯಿ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು.

ಅವರು ಹೋಗಿ ಮುಟ್ಟುವಷ್ಟರಲ್ಲಿ ಗೋಣಿಯೊಳಗಿನ ನಡುಕ ನಿಂತಿತ್ತು.

ಗುರುಗಳು ಇಲ್ಲಿ ನಿಲ್ಲಿಸಿದರು. ಕಣ್ಣೊರೆಸಿಕೊಂಡರು, ಅದನ್ನು ಮರೆಮಾಡಲು ಹೋಗಲಿಲ್ಲ. ಅಡವಯ್ಯ ಅವಸರ ಮಾಡಲಿಲ್ಲ.

"ತಾಯಿ ಆ ರಗ್ಗನ್ನು ಮಗುವಿಗೆ ಹೊದಿಸಿದಳು" ಎಂದರು ಗುರುಗಳು. "ಆಗ ಹೊದಿಸಿ ಏನು ಪ್ರಯೋಜನ? ಆದರೂ ಹೊದಿಸಿದಳು. ಸುಡದೆ ಉಳಿದ ಮೂಲೆಯನ್ನು ಮಗುವಿನ ಮುಷ್ಟಿಯಲ್ಲಿ ಇಟ್ಟು ಕಳಿಸಿದರು. ಮಣ್ಣು ಹಾಕುವಾಗ ತಾಯಿ ಹೇಳುತ್ತಿದ್ದದ್ದು ಒಂದೇ ಮಾತಂತೆ, 'ನಾನು ಅದನ್ನ ಮುದ್ದೆ ಮಾಡಿ ಒಗೀಬೇಕಿತ್ತು, ಮುದ್ದೆ ಮಾಡಿ ಒಗೀಬೇಕಿತ್ತು' ಎಂದು. ಮುದುಕಿ ಅವಳನ್ನು ತಬ್ಬಿ ಹಿಡಿದಿದ್ದಳು. ಯಾರು ಯಾರಿಗೆ ಸಮಾಧಾನ ಹೇಳಬೇಕು, ನೀನೇ ಹೇಳು."

ಗುರುಗಳು ಮುಂದುವರಿಸಿದರು.

"ಪುರಸಭೆಯ ಹಿರಿಯರಿಗೆ ಸುದ್ದಿ ಹೋಯಿತು. ಅವರೂ ಮರುಗಿದರು. ಕಾನೂನನ್ನು ತೆಗೆದು ಮತ್ತೆ ನೋಡಿದರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ತಾಯಿ ತನ್ನದನ್ನು ತಾನು ಸುಟ್ಟಳು. ಮುದುಕಿ ತನ್ನದಲ್ಲದ್ದನ್ನು ಮುಟ್ಟಲಿಲ್ಲ. ಕೌದಿ ಪ್ರತಿ ಸಲವೂ ಒಡತಿಯ ಬಾಗಿಲಿಗೇ ಬಂತು. ಆ ಮಾಗಿಯಲ್ಲಿ ಆ ಊರಿನಲ್ಲಿ ಒಂದೇ ಒಂದು ಕಳ್ಳತನವೂ ನಡೆಯಲಿಲ್ಲ, ಅಡವಯ್ಯ."

ಬಿಸಿಲು ಕಟ್ಟೆಯಿಂದ ಸ್ವಲ್ಪ ಸರಿದಿತ್ತು. ಗುರುಗಳು ಹತ್ತಿ ಬಟ್ಟೆಯನ್ನು ಹೆಗಲಿಗೆ ಬಿಗಿಯಾಗಿ ಎಳೆದುಕೊಂಡು ಬಿಸಿಲಿದ್ದ ಕಡೆಗೆ ಸರಿದು ಕುಳಿತರು.

ಅಡವಯ್ಯನ ಕಣ್ಣೂ ಒದ್ದೆಯಾಗಿತ್ತು. ಆದರೆ ಅವನು ಓದಿದವನು, ಉಗ್ರಾಣ ನೋಡಿಕೊಳ್ಳುವವನು. ಪ್ರಶ್ನೆ ಅವನನ್ನು ಬಿಡಲಿಲ್ಲ.

"ಕತೆ ಕೇಳಿ ಕರುಳು ಹಿಂಡಿದಂತಾಯಿತು ಗುರುಗಳೇ. ಆದರೆ ಆ ಮಾತು ಬೇರೆ. ಅಲ್ಲಿ ಒಬ್ಬ ತಾಯಿ ಯಾರಾದರೂ ಒಯ್ಯಲಿ ಎಂದು ಬೇಕೆಂದೇ ಇಟ್ಟಿದ್ದಳು. ನಮ್ಮ ತೊಟ್ಟಿಗೆ ಶಾಲು ಬಿದ್ದದ್ದು ಯಾರದೋ ಕಣ್ತಪ್ಪಿನಿಂದ ಅಲ್ಲವೇ?"

ಗುರುಗಳು ಹೇಳಿದರು:

"ಅಡವಯ್ಯ, ನಿನ್ನೆ ಸಂಜೆ ಆ ಶಾಲನ್ನು ಮುದ್ದೆ ಮಾಡಿ ತೊಟ್ಟಿಗೆ ಹಾಕಿದವನು ನಾನು."

ಅಡವಯ್ಯನ ಕೈ ಸೊಂಟದ ಬೀಗದ ಕೈಯ ಮೇಲೆ ಇತ್ತು. ಅವನು ಅದನ್ನು ಸೊಂಟದಿಂದ ಬಿಚ್ಚಿಕೊಂಡು ಎದ್ದ.